ಕಾವಲಿ ಎಷ್ಟು ಕಾದಿದೆ, ಕಾಕಾ?

ನನ್ನ ಬಲಗೈಯಲ್ಲಿ ಈಗ ಎರಡು ಗೆರೆ ಹೆಚ್ಚಿಗೆ ಇವೆ. ಒಂದು ಮೊಣಕೈಯ ಒಳಮಗ್ಗುಲಿನಿಂದ ಹೊರಟು ಮಣಿಕಟ್ಟಿನವರೆಗೆ ಬರುತ್ತದೆ. ಇನ್ನೊಂದು ಹಿಂದುಗಡೆ, ಸ್ವಲ್ಪ ಗಿಡ್ಡ. ಕೈ ನೋಡಿ ಭವಿಷ್ಯ ಹೇಳುವವರು ಯಾರಾದರೂ ಸಿಕ್ಕರೆ ತೋರಿಸಬೇಕೆಂದಿದ್ದೇನೆ, ಏನು ಹೇಳುತ್ತಾರೋ ನೋಡೋಣ. ನನ್ನ ಹೆಂಡತಿ ವನಜ ಮಾತ್ರ ಆಗಲೇ ಹೇಳಿಯಾಗಿದೆ: "ಅದ್ ಹಟದ ಗೆರೆ. ಹುಟ್ಟುವಾಗ್ಲೇ ಒಳಗ್ ಇತ್ತ್, ಈಗ ಹೊರಗ್ ಬಂತ್ ಅಷ್ಟೆ."

ನಾನು ಸದಾಶಿವ. ವಡೋದರಾದ ಆಲ್ಕಾಪುರಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಎಂಟು ಮೇಜು, ಒಂದು ಕಾವಲಿ. ನಲವತ್ತೊಂದು ವರ್ಷದಿಂದ ಈ ಊರಿನಲ್ಲಿ ದೋಸೆ ಹೊಯ್ಯುತ್ತಿದ್ದೇನೆ. ಬರೆಯುವುದು ನನ್ನ ಕೆಲಸವಲ್ಲ. ಬರೆಯುವಂತೆ ಮಾಡಿದ್ದು ಫಿಸಿಯೊಥೆರಪಿ ಕೋಣೆಯ ಹೊರಗಿನ ಬೆಂಚು. ಆ ಬೆಂಚಿನ ಮೇಲೆ ತಿಂಗಳುಗಟ್ಟಲೆ ಕೂತಿದ್ದೇನೆ. ಕೈ ಮುರಿದವರು, ಕಾಲು ಮುರಿದವರು, ಭುಜ ತಪ್ಪಿದವರು ಎಲ್ಲರೂ ಸಾಲಾಗಿ ಕೂತು ಒಬ್ಬರನ್ನೊಬ್ಬರು "ಈಗ ಹೇಗಿದೆ?" ಎಂದು ಕೇಳುತ್ತಾರೆ, ಎಲ್ಲರೂ "ಅಡ್ಡಿಲ್ಲ" ಎನ್ನುತ್ತಾರೆ. ಒಳಗೆ ಹೋದ ಮೇಲೆ ಕೇಳಬೇಕು ಅವರ ಅಡ್ಡಿಲ್ಲವನ್ನು! ನಾನೂ ಅದೇ ಗುಂಪಿನವನು. ಅಡ್ಡಿಲ್ಲ ಅಡ್ಡಿಲ್ಲ ಅನ್ನುತ್ತಲೇ ಈ ಕೈಯನ್ನು ಕಳೆದುಕೊಳ್ಳುವುದರಲ್ಲಿದ್ದೆ. ಹಾಗಾಗಿ ಬೆಂಚಿನ ಮೇಲೆ ಕೂತವರಿಗೆ ಇದನ್ನು ಹೇಳಿಬಿಡುತ್ತೇನೆ.

ಹೇಳಬೇಕಾದರೆ ಗೋವಿಂದಮಾವನಿಂದಲೇ ಶುರುಮಾಡಬೇಕು. ಗೋವಿಂದಮಾವ ನನ್ನ ತಾಯಿಯ ತಮ್ಮ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಕುಂದಾಪುರದ ಕಡೆಯಿಂದ ಬಸ್ಸು, ಆಮೇಲೆ ರೈಲು ಹತ್ತಿ ಇಲ್ಲಿ ಇಳಿದಾಗ, ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನಲ್ಲಿ ಅವರು ಮುಖ್ಯ ಅಡುಗೆಯವರು. ಆಗ ಇದ್ದಿಲ ಒಲೆ. ಒಳಗೆ ನಾವು ಆರು ಜನ, ಆರೂ ಜನ ನಮ್ಮ ಕಡೆಯವರೇ. ಹೊರಗೆ ಗುಜರಾತಿ, ಒಳಗೆ ನಮ್ಮೂರ ಮಾತು. ಮೊದಲನೆಯ ದಿನವೇ ಮಾವ ನನ್ನನ್ನು ಕಾವಲಿಯ ಎದುರು ನಿಲ್ಲಿಸಿ ಎರಡು ಮಾತು ಹೇಳಿದರು.

ಒಂದು, ಕಾವಲಿ ಕಾದಿದೆಯೋ ಇಲ್ಲವೋ ನೋಡುವ ಬಗೆ. ಮೊದಲು ನಾಲ್ಕು ಹನಿ ನೀರು ಚಿಮುಕಿಸಬೇಕು. ಆಮೇಲೆ ನಡುಬೆರಳಿನ ಹಿಂಬದಿಯನ್ನು ಕಾವಲಿಯ ಅಂಚಿಗೆ ಮುಟ್ಟಿಸಿ ತೆಗೆಯಬೇಕು, ಕಣ್ಣು ಮಿಟುಕಿಸುವಷ್ಟು ಹೊತ್ತು. "ನೀರ್ ಸುಳ್ಳ್ ಹೇಳತ್ತ್ ಮಾಣಿ, ಬೆರಳ್ ಹೇಳುದಿಲ್ಲ" ಎಂದರು.

ಎರಡನೆಯದು, "ಸುಟ್ತ್ ಅಂಬುಕಿಲ್ಲ" ಎಂದರು. ಕೈ ಸುಟ್ಟರೆ ಸುಟ್ಟಿತು ಎನ್ನಬಾರದು. ಅಂದವನು ಒಂದು ವಾರ ಕಾವಲಿಯ ಹತ್ತಿರ ಬರುವಂತಿಲ್ಲ, ಹಿಂದಿನ ಕೋಣೆಯಲ್ಲಿ ಕೂತು ಅಕ್ಕಿ ಉದ್ದು ರುಬ್ಬಬೇಕು. ಬೆಂಕಿಯ ಎದುರು ನಿಂತು ಬೆಂಕಿಯ ಮೇಲೆ ದೂರು ಹೇಳಿದರೆ ನಾಳೆ ಕೈ ಹಿಂಜರಿಯುತ್ತದೆ, ಹಿಂಜರಿದ ಕೈಯಲ್ಲಿ ದೋಸೆ ಏಳುವುದಿಲ್ಲ ಎನ್ನುವುದು ಅವರ ಲೆಕ್ಕ. ಆರು ಜನರೂ ದಿನಾ ಸುಟ್ಟುಕೊಳ್ಳುತ್ತಿದ್ದೆವು, ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ.

ಇಷ್ಟು ಕೇಳಿದರೆ ಮಾವ ಕಟುಕರೆಂದು ನೀವು ಅಂದುಕೊಳ್ಳುತ್ತೀರಿ. ಅಲ್ಲ. ಸಂಜೆ ಕೆಲಸ ಮುಗಿದು ನಾವು ಹಿತ್ತಿಲ ಕಟ್ಟೆಯ ಮೇಲೆ ಕೂತಿದ್ದಾಗ ಅವರು ತೆಂಗಿನೆಣ್ಣೆಯ ಬಟ್ಟಲು ಹಿಡಿದು ಬರುತ್ತಿದ್ದರು. ಯಾರ ಯಾವ ಬೆರಳು ಸುಟ್ಟಿದೆ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಸಾಲಿನಲ್ಲಿ ಬಂದು, ಸುಟ್ಟ ಬೆರಳನ್ನೇ ಸರಿಯಾಗಿ ಹಿಡಿದು, ಎಣ್ಣೆ ಹಚ್ಚಿ ಮುಂದಕ್ಕೆ ಹೋಗುತ್ತಿದ್ದರು. ಅವರಿಗೆ ಹೇಗೆ ಗೊತ್ತಾಗುತ್ತಿತ್ತೋ ದೇವರೇ ಬಲ್ಲ. ಮಾವ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರ ಹೆಬ್ಬೆರಳಿನ ಒರಟು, ಆ ಎಣ್ಣೆಯ ವಾಸನೆ, ಇದ್ದಿಲು ಆರುವಾಗಿನ ಚಟಚಟ ಸದ್ದು ಇವತ್ತಿಗೂ ನನ್ನ ಜೊತೆಗಿವೆ.

ಈಗ ಬಿದ್ದ ಕತೆ. ಉತ್ತರಾಯಣಕ್ಕೆ ಎರಡು ದಿನ ಬಾಕಿ ಇತ್ತು. ಈ ಊರಿನಲ್ಲಿ ಆ ಹಬ್ಬಕ್ಕೆ ಮೊದಲು ಎಲ್ಲರೂ ಸ್ಕೂಟರಿನ ಮುಂದೆ ಬಾಗಿದ ಕಂಬಿಯೊಂದನ್ನು ಹಾಕಿಸಿಕೊಳ್ಳುತ್ತಾರೆ, ಗಾಳಿಪಟದ ದಾರ ಕುತ್ತಿಗೆಗೆ ಬಾರದಿರಲಿ ಎಂದು. "ಹಾಕ್ಸಿಕಣಿ, ಹಾಕ್ಸಿಕಣಿ" ಎಂದು ವನಜ ಒಂದು ವಾರದಿಂದ ತಲೆ ತಿನ್ನುತ್ತಿದ್ದಳು. ನಾಳೆ ನಾಳೆ ಎನ್ನುತ್ತಾ ದಿನ ನೂಕಿದೆ. ಬೆಳಿಗ್ಗೆ ಹೋಟೆಲಿಗೆ ಹೋಗುವಾಗ ದಾರವೊಂದು ಮುಖಕ್ಕೇ ಬಂತು. ಅದನ್ನು ಸರಿಸಲು ಬಲಗೈ ಎತ್ತಿದೆ. ಅಷ್ಟೇ. ದಾರ ಒಂದು ಕಡೆ, ನಾನು ಒಂದು ಕಡೆ. ಸ್ಕೂಟರು ನನ್ನ ಬಲಗೈಯ ಮೇಲೆ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಎಕ್ಸ್‌ರೇ ತೆಗೆಯಲು ಕೈಯನ್ನು ಒಂದು ಅಂಗುಲ ತಿರುಗಿಸಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಮುಂಗೈಯ ಎರಡೂ ಮೂಳೆ ಮುರಿದಿದ್ದವು. ಪಕ್ಕದ ಹಾಸಿಗೆಯಲ್ಲಿ ಕಾಲು ಮುರಿದುಕೊಂಡ ರಮಣಿಕ್‌ಭಾಯಿ ಎನ್ನುವವರು "ಓಯ್ ಮಾಡೀ ರೇ! ಮರೀ ಗಯೋ ರೇ!" ಅಯ್ಯೋ ಅಮ್ಮಾ, ಸತ್ತೆ ಎಂದು ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗುತ್ತಿದ್ದರು. ಛೀ, ಗಂಡಸಾಗಿ ಹೀಗಾ ಅಂದುಕೊಂಡೆ.

ಅಷ್ಟರಲ್ಲಿ ಒಬ್ಬರು ಹುಡುಗಿಯಂಥ ಡಾಕ್ಟರು ಸಣ್ಣ ಟಿವಿಯಂಥ ಮಿಷನ್ನನ್ನು ತಳ್ಳಿಕೊಂಡು ಬಂದರು. ಅರಿವಳಿಕೆಯ ಡಾಕ್ಟರು, ಹೆಸರು ಹೇತಲ್‌ಬೆನ್. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಗುಜರಾತಿಯಲ್ಲಿ ಕೇಳಿದರು: "ಕಾಕಾ, ಎಷ್ಟು ನೋಯುತ್ತಿದೆ? ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ತಡೆಯಲಾಗದ್ದು. ನಿಮ್ಮದು ಎಷ್ಟು?"

"ಮೂರು" ಎಂದೆ.

ಅವರು ಎಕ್ಸ್‌ರೇಯನ್ನು ನೋಡಿದರು, ನನ್ನ ಹಣೆಯ ಬೆವರನ್ನು ನೋಡಿದರು. "ಈ ಕೈಗೆ ಮೂರೇ? ಕಾಕಾ, ನೀವು ಮಿಲಿಟರಿಯಲ್ಲಿದ್ದಿರಾ?"

"ಇಲ್ಲ, ದೋಸೆ ಹೊಯ್ಯುತ್ತೇನೆ."

ಅವರಿಗೆ ನಗು ಬಂತು. ಕೈಗೆ ಹೋಗುವ ನರಗಳು ಭುಜದ ಹತ್ತಿರ ಒಟ್ಟಾಗಿರುತ್ತವೆ, ಅಲ್ಲಿಗೇ ಔಷಧಿ ಕೊಟ್ಟರೆ ಕೈ ಮಾತ್ರ ಮಲಗುತ್ತದೆ, ನೀವು ಎಚ್ಚರವಾಗಿಯೇ ಇರುತ್ತೀರಿ ಎಂದರು. ಕೊರಳೆಲುಬಿನ ಮೇಲೆ ತಣ್ಣಗಿನ ಲೋಳೆ ಹಚ್ಚಿ ಮಿಷನ್ನಿನ ಹಿಡಿಯನ್ನು ಒತ್ತಿದಾಗ ಪರದೆಯ ಮೇಲೆ ಬೂದು ಬಣ್ಣದಲ್ಲಿ ಏನೋ ಕಂಡಿತು. ನಡುವೆ ದುಂಡುದುಂಡಾಗಿ ಒಂದಕ್ಕೊಂದು ಅಂಟಿಕೊಂಡಂತೆ, ಪಾಯಸದಲ್ಲಿ ಬೆಂದ ಸಾಬಕ್ಕಿಯ ಹಾಗೆ. "ಅವೇ ನಿಮ್ಮ ನರಗಳು" ಎಂದರು. ಆ ಸಾಬಕ್ಕಿಯಿಂದಲೇ ನಾನು ನಲವತ್ತೊಂದು ವರ್ಷ ಕಾವಲಿಯ ಬಿಸಿ ತಿಳಿದದ್ದು ಎಂದು ಯೋಚಿಸಿ ಒಂಥರಾ ಆಯಿತು.

ಸೂಜಿ ಚುಚ್ಚಿದ್ದು ಇರುವೆ ಕಚ್ಚಿದಷ್ಟು. ಹೆಬ್ಬೆರಳಿನಲ್ಲಿ ಜುಮುಜುಮು, ಆಮೇಲೆ ಅಂಗೈಯಲ್ಲಿ ಹಿತವಾದ ಬಿಸುಪು. ಸ್ವಲ್ಪ ಹೊತ್ತಿಗೆ ನೋವು ಇಲ್ಲ. ಕಡಿಮೆಯಾದದ್ದಲ್ಲ, ಇಲ್ಲವೇ ಇಲ್ಲ. ನೋವಿನ ಜೊತೆ ಕೈಯೂ ಇರಲಿಲ್ಲ. ಎಡಗೈಯಿಂದ ಎತ್ತಿ ನೋಡಿದರೆ ರುಬ್ಬುವ ಕಲ್ಲಿನ ಗುಂಡಿನಷ್ಟು ಭಾರ, ಯಾರದ್ದೋ ಕೈ ನನ್ನ ಹಾಸಿಗೆಯಲ್ಲಿ ಬಿಟ್ಟುಹೋದ ಹಾಗೆ. ಅವರು ಮೂಳೆಯನ್ನು ಎಳೆದು ಸರಿಮಾಡಿ, ಪಟ್ಟಿ ಸುತ್ತುವುದನ್ನು ನಾನು ಬೇರೆ ಯಾರಿಗೋ ಮಾಡುತ್ತಿದ್ದಾರೆ ಎಂಬಂತೆ ನೋಡುತ್ತಾ ಮಲಗಿದ್ದೆ.

ಹೋಗುವ ಮುಂಚೆ ಹೇತಲ್‌ಬೆನ್ ಸ್ಟೂಲು ಎಳೆದು ಕೂತರು. "ಕಾಕಾ, ಸರಿಯಾಗಿ ಕೇಳಿ. ಬೇಕೆಂದೇ ಸ್ವಲ್ಪ ಹೊತ್ತು ಇರುವ ಔಷಧಿಯನ್ನೇ ಕೊಟ್ಟಿದ್ದೇನೆ, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಆಪರೇಷನ್ ನಾಳೆ. ಅಷ್ಟರೊಳಗೆ ಒಳಗೆ ಬಾವು ಜಾಸ್ತಿಯಾಗಿ ಕೈ ಬಿಗಿದುಕೊಂಡರೆ ನಮಗೆ ಮೊದಲು ತಿಳಿಯುವುದು ನಿಮ್ಮ ನೋವಿನಿಂದಲೇ. ನೋವು ಏರಿದರೆ ಹೇಳಬೇಕು. ಮುಚ್ಚಿಡಬಾರದು."

"ಹೇಳುತ್ತೇನೆ" ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಆಗ ನಿಜಕ್ಕೂ ಹೇಳುತ್ತೇನೆ ಎಂದೇ ಇತ್ತು.

ಆಮೇಲಿನ ನಾಲ್ಕೈದು ಗಂಟೆಗಳು! ಆ ಹೊತ್ತು ನೆನೆದರೆ ಈಗಲೂ ಎದೆ ತಂಪಾಗುತ್ತದೆ. ಕಿಟಕಿಯಾಚೆ ಆಕಾಶದ ತುಂಬ ಗಾಳಿಪಟ. ನನ್ನ ಬಲಗೈಗೆ ನಲವತ್ತೊಂದು ವರ್ಷದಲ್ಲಿ ಮೊದಲ ರಜೆ. ನೋವಿಲ್ಲದ ಮನಸ್ಸು ಹಿಂದಕ್ಕೆ ಹಿಂದಕ್ಕೆ ಹೋಯಿತು. ಮಾವ ಮೊದಲ ಸಲ ನನ್ನ ದೋಸೆ ಮುರಿದು ಬಾಯಿಗೆ ಹಾಕಿಕೊಂಡು "ಹ್ಞೂಂ" ಎಂದದ್ದು ನೆನಪಾಯಿತು. ಮದುವೆಯಾಗಿ ವನಜ ಬಂದ ಹೊಸತರಲ್ಲಿ ಇಬ್ಬರೂ ಕಮಾಟಿಬಾಗ್‌ನಲ್ಲಿ ಹುಲ್ಲಿನ ಮೇಲೆ ಕೂತು ಕಡಲೆಕಾಯಿ ತಿಂದದ್ದು, ಅವಳು ನನ್ನ ಬೆರಳುಗಳ ಕಲೆ ಒಂದೊಂದಾಗಿ ಮುಟ್ಟಿ "ಇದ್ ಎಂತದ್, ಇದ್ ಎಂತದ್" ಎಂದು ಕೇಳಿದ್ದು ನೆನಪಾಯಿತು. ಎಷ್ಟು ವರ್ಷದಿಂದ ಅದನ್ನೆಲ್ಲ ನೆನೆಯಲು ಪುರುಸೊತ್ತೇ ಆಗಿರಲಿಲ್ಲ.

ಮಧ್ಯಾಹ್ನ ಮೂರರ ಸುಮಾರಿಗೆ ಬೆರಳ ತುದಿಯಲ್ಲಿ ಜುಮುಜುಮು ಶುರುವಾಯಿತು. ಬರಲಿ ಬಿಡು ಅಂದುಕೊಂಡೆ. ನೋವು ಬಾಗಿಲು ತಟ್ಟಿ ಬರಲಿಲ್ಲ, ಒದ್ದುಕೊಂಡೇ ಬಂತು. ಪಟ್ಟಿಯೊಳಗೆ ಮುಂಗೈ ಒಡೆದುಹೋಗುತ್ತದೆ ಎನ್ನುವಷ್ಟು ಬಿಗಿ. ನರ್ಸ್ ಬಂದು "ಕಾಕಾ, ನೋವು ಎಷ್ಟು?" ಎಂದಳು.

ಬಾಯಿ ತೆರೆದೆ. ನಾಲಿಗೆಯ ತುದಿಯಲ್ಲಿ ಮಾತಿತ್ತು. ಬರಲಿಲ್ಲ. ಇದನ್ನು ಹೇಗೆ ತಿಳಿಸಲಿ? ನಾನೇನೂ ವೀರನಾಗಲು ಹೊರಟವನಲ್ಲ. ಹತ್ತೊಂಬತ್ತನೆಯ ವಯಸ್ಸಿನಿಂದ ಮುಚ್ಚಿದ ಬಾಗಿಲು ಅದು, ಬೇಕೆಂದಾಗ ತೆರೆಯಲು ಅಗುಳಿ ಎಲ್ಲಿದೆಯೆಂದೇ ಮರೆತುಹೋಗಿತ್ತು. "ಮೂರು" ಎಂದೆ. ಅವಳು ಬರೆದುಕೊಂಡು ಹೋದಳು. ಆ ಕಡೆ ರಮಣಿಕ್‌ಭಾಯಿ ಓಯ್ ಮಾಡೀ ಎಂದರು, ಅವರಿಗೆ ಇಂಜೆಕ್ಷನ್ ಸಿಕ್ಕಿತು.

ನಾಲ್ಕು ಗಂಟೆಗೆ ಭೇಟಿಯ ಹೊತ್ತು. ವನಜ ಗಂಜಿಯ ಡಬ್ಬಿ, ಉಪ್ಪಿನಕಾಯಿ ಹಿಡಿದುಕೊಂಡು ಬಂದಳು. ಬೆಳಿಗ್ಗೆಯಿಂದ ಓಡಾಡಿ ಅವಳ ಮುಖ ಬಾಡಿತ್ತು.

"ಬಾ ವನಜಾ, ಕೂತ್ಕೊ" ಎಂದೆ. "ಬಿಸಿಲಲ್ಲಿ ಬಂದ್ಯಾ? ನಿನ್ನ ಊಟ ಆಯ್ತಾ? ಪಾಪ, ನಿಂಗೆ ಎಷ್ಟ್ ತೊಂದ್ರೆ ಆಯ್ತ್ ನನ್ನಿಂದ."

ಅವಳು ಡಬ್ಬಿಯನ್ನು ಕೆಳಗೇ ಇಡಲಿಲ್ಲ. ನಿಂತಲ್ಲೇ ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಹ್ವಾಯ್, ಎಂತ ಆಯ್ತ್ ನಿಮ್ಗೆ?"

"ಎಂತ ಇಲ್ಲ ಮಾರಾಯ್ತಿ. ಅಡ್ಡಿಲ್ಲ."

"ಸುಳ್ಳ್ ಹೇಳ್ಬೇಡಿ. ಮೂವತ್ತ್ ವರ್ಷ ಆಯ್ತ್, ನನ್ ಊಟ ಆಯ್ತಾ ಅಂದ್ ನೀವ್ ಯಾವತ್ತಾದ್ರೂ ಕೇಂಡದ್ ಇತ್ತಾ? ನೀವ್ ನನ್ ಹತ್ರ ಮೆತ್ತಗ್ ಮಾತಾಡುದ್ ಕೈ ಸುಟ್ಕಂಡಾಗ ಮಾತ್ರ. ನಂಗ್ ಗೊತ್ತಿಲ್ಯಾ?"

ನನಗೆ ಗೊತ್ತಿರಲಿಲ್ಲ. ಸತ್ಯವಾಗಿ ಗೊತ್ತಿರಲಿಲ್ಲ. ಅಷ್ಟು ವರ್ಷ ನನ್ನ ಸುಟ್ಟ ಬೆರಳುಗಳ ಲೆಕ್ಕವನ್ನು ಅವಳು ನನ್ನ ದನಿಯಲ್ಲೇ ಓದುತ್ತಿದ್ದಳು. ಡಬ್ಬಿಯನ್ನು ಮಂಚದ ಮೇಲೆ ಕುಕ್ಕಿ ಹೊರಗೆ ಓಡಿದಳು. ಕಾರಿಡಾರಿನಲ್ಲಿ ಅವಳ ಗುಜರಾತಿ ಕೇಳಿಸಿತು: "ಬೆನ್, ನೀವೇ ಬಂದು ನೋಡಿ. ಅವರು ಮೂರು ಅಂದರೆ ನಂಬಬೇಡಿ. ಅವರಿಗೆ ಮೂರರ ಮೇಲೆ ಎಣಿಸುವುದಕ್ಕೇ ಬರುವುದಿಲ್ಲ."

ಹೇತಲ್‌ಬೆನ್ ಬಂದವರೇ ಪಟ್ಟಿಯಿಂದ ಹೊರಗಿದ್ದ ನನ್ನ ನಡುಬೆರಳನ್ನು ಹಿಡಿದು ಮೆಲ್ಲಗೆ ನೆಟ್ಟಗೆ ಮಾಡಿದರು. ನಾನು ಕೂಗಲಿಲ್ಲ. ಆದರೆ ಕಾಲು ತಾನಾಗಿ ಮಂಚದ ಕಂಬಿಗೆ ಒದೆಯಿತು, ಗಂಜಿಯ ಡಬ್ಬಿ ನೆಲಕ್ಕೆ ಹೋಯಿತು. ಡಾಕ್ಟರ ಮುಖದ ನಗು ಹೋಗಿಬಿಟ್ಟಿತು. ಪಟ್ಟಿಯನ್ನು ಅಲ್ಲಿಯೇ ಕತ್ತರಿಸಿದರು. ಮೂಳೆಯ ಸರ್ಜನ್ ಓಡುತ್ತಾ ಬಂದರು. ಆಪರೇಷನ್ ನಾಳೆಯಲ್ಲ, ಈಗಲೇ ಎಂದರು. ತಳ್ಳುಗಾಡಿಯ ಪಕ್ಕದಲ್ಲಿ ವನಜ ನನ್ನ ಎಡಗೈ ಹಿಡಿದು ಬಾಗಿಲವರೆಗೆ ಓಡಿಬಂದಳು. ಅವಳ ಸೀರೆಯ ನೆರಿಗೆಯ ಮೇಲೆಲ್ಲ ಗಂಜಿ ಚೆಲ್ಲಿತ್ತು.

ಒಳಗಿನ ಬಾವು ಮಾಂಸವನ್ನು ಹಿಸುಕಿ, ರಕ್ತ ಓಡದಂತೆ ಮಾಡುತ್ತಿತ್ತಂತೆ. ಮುಂಗೈಯನ್ನು ಎರಡು ಕಡೆ ಉದ್ದಕ್ಕೆ ಸೀಳಿ ಬಿಗಿ ಬಿಡಿಸಿದರು, ಮೂಳೆಗೆ ಲೋಹದ ಪಟ್ಟಿ ಕೂರಿಸಿದರು. ನನ್ನ ಎರಡು ಗೆರೆಗಳು ಅವೇ.

ಮಾರನೆಯ ಬೆಳಿಗ್ಗೆ ಹೇತಲ್‌ಬೆನ್ ಬಂದು ಅದೇ ಸ್ಟೂಲಿನ ಮೇಲೆ ಕೂತರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. "ಕಾಕಾ, ಇನ್ನೂ ತಡವಾಗಿದ್ದರೆ ಕೈ ಇರುತ್ತಿತ್ತು, ಕೈಯ ಕೆಲಸ ಇರುತ್ತಿರಲಿಲ್ಲ" ಎಂದರು. "ಯಾಕೆ ಹೇಳಲಿಲ್ಲ?"

ಗೋವಿಂದಮಾವನ ಕತೆಯನ್ನೆಲ್ಲ ಹೇಳಿದೆ. ಯಾರಿಗೂ ಹೇಳಿರಲಿಲ್ಲ ನಾನು ಅದನ್ನು. ಕೇಳಿ ಮುಗಿಸಿ ಅವರು ಜಾರಿದ ಕನ್ನಡಕವನ್ನು ಮೇಲೇರಿಸಿಕೊಂಡರು. "ನಿಮ್ಮ ಮಾವ ಕೇಳದೆಯೇ ತಿಳಿದುಕೊಳ್ಳುತ್ತಿದ್ದರು. ನಮಗೆ ಅಷ್ಟು ಬರುವುದಿಲ್ಲ ಕಾಕಾ, ನಾವು ಕೇಳಿಯೇ ತಿಳಿಯಬೇಕು" ಎಂದರು. ಆಮೇಲೆ, "ಸರಿ, ನಿಮಗೆ ಅಂಕಿ ಆಗುವುದಿಲ್ಲ. ಏನು ಆಗುತ್ತದೆ? ಕಾವಲಿ ಕಾಯುವುದನ್ನು ಹೇಳಿ ನೋಡೋಣ."

ಅದನ್ನು ಹೇಳಲು ನನಗೇನು ಕಷ್ಟ? ಕಾವಲಿ ತಣ್ಣಗಿದ್ದರೆ ನೀರ ಹನಿ ಬಿದ್ದಲ್ಲೇ ಬಿದ್ದಿರುತ್ತದೆ. ಸ್ವಲ್ಪ ಕಾದರೆ ಹನಿಯ ಅಡಿಯಲ್ಲಿ ಗುಳ್ಳೆ ಏಳುತ್ತದೆ. ಇನ್ನೂ ಕಾದರೆ ಚುಂಯ್ ಎನ್ನುತ್ತದೆ. ಮತ್ತೂ ಕಾದರೆ ಹನಿ ಮಣಿಯಾಗಿ ಕಾವಲಿ ತುಂಬ ಓಡುತ್ತದೆ. ಅದನ್ನೂ ಮೀರಿದರೆ ಎಣ್ಣೆ ಸವರಿದ ಕೂಡಲೇ ಹೊಗೆ. ಅವರು ಒಂದು ಹಾಳೆಯ ಹಿಂದೆ ಐದನ್ನೂ ಗುಜರಾತಿಯಲ್ಲಿ ಬರೆದು ನನ್ನ ಮಂಚದ ತಲೆಗೆ ಅಂಟಿಸಿದರು. ಅವತ್ತಿನಿಂದ ಆ ವಾರ್ಡಿನಲ್ಲಿ ನನ್ನನ್ನು ಯಾರೂ ನೋವು ಎಷ್ಟು ಎಂದು ಕೇಳಲಿಲ್ಲ. ಬಂದವರೆಲ್ಲ "ತವೋ ಕೇವೋ ಛೇ, ಕಾಕಾ?" ಎನ್ನುವವರೇ. ಕಾವಲಿ ಹೇಗಿದೆ, ಕಾಕಾ?

ಮೊದಲ ಸಲ "ಹನಿ ಓಡುತ್ತಿದೆ" ಎಂದಾಗ ನನ್ನ ಕಣ್ಣಲ್ಲಿ ನೀರು ಬಂತು. ನೋವಿಗಲ್ಲ. ಹೇಳಿದೆನಲ್ಲ ಎಂದು. ಹೇಳಿದ ಮೇಲೂ ಯಾರೂ ನನ್ನನ್ನು ಕಾವಲಿಯಿಂದ ಇಳಿಸಲಿಲ್ಲ, ಬದಲಿಗೆ ನರ್ಸ್ ಔಷಧಿ ತಂದಳು. ಅರವತ್ತು ವರ್ಷದ ಗಂಡಸು ದಿಂಬಿಗೆ ಮುಖ ಒತ್ತಿ ಅತ್ತುಬಿಟ್ಟೆ. ರಮಣಿಕ್‌ಭಾಯಿ ಗಾಬರಿಯಾಗಿ ನನಗಾಗಿ ತಾವೇ "ಓಯ್ ಮಾಡೀ ರೇ" ಎಂದು ಕೂಗಿ ನರ್ಸನ್ನು ಇನ್ನೊಮ್ಮೆ ಕರೆದರು. ಎರಡು ದಿನದೊಳಗೆ ಅವರೂ ಕಾವಲಿಯ ಭಾಷೆ ಹಿಡಿದರು. ಆದರೆ ಅವರಿಗೆ ಮೊದಲ ನಾಲ್ಕು ಮೆಟ್ಟಿಲು ಗೊತ್ತೇ ಇಲ್ಲ, ಎತ್ತಿದರೆ "ಧುಮಾಡೋ! ಧುಮಾಡೋ!" ಹೊಗೆ, ಹೊಗೆ!

ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಕೆಲಸದಲ್ಲಿರುವ ಮಗಳು ಶ್ರುತಿ ಬೆಳಗಿನ ರೈಲಿಗೆ ಬಂದಳು. ಇಲ್ಲಿಯೇ ಹುಟ್ಟಿ ಬೆಳೆದವಳು, ಅವಳ ಕನ್ನಡ ಮೂರು ಭಾಷೆಯ ಕಲಸುಮೇಲೋಗರ. ಮಂಚದ ತಲೆಯ ಚೀಟಿಯನ್ನು ಎರಡೆರಡು ಸಲ ಓದಿದಳು. "ಪಪ್ಪಾ, ಛೋಟಿ ಇದ್ದಾಗ ನಾನು ಏನು ಸೋಚ್ತಾ ಇದ್ದೆ ಗೊತ್ತಾ? ನನ್ನ ಪಪ್ಪಾಗೆ ಪೇನ್ ಆಗೋದೇ ಇಲ್ಲ ಅಂತ. ಸ್ಕೂಲ್‌ನಲ್ಲಿ ಎಲ್ಲರಿಗೂ ಹೇಳ್ತಿದ್ದೆ. ನಾನು ಬಿದ್ದು ಲಗ್ ಗಯಾ ಆದ್ರೂ ನಿಮಗೆ ಹೇಳ್ತಿರಲಿಲ್ಲ, ಶರ್ಮ್, ನಾಚ್ಕೆ ಆಗ್ತಿತ್ತು." ಅಂದರೆ ಮಾವನ ನಿಯಮ ನನ್ನ ಮನೆಯೊಳಗೂ ಬಂದು ಕೂತಿತ್ತು, ತೆಂಗಿನೆಣ್ಣೆಯ ಬಟ್ಟಲನ್ನು ಮಾತ್ರ ನಾನು ತಂದಿರಲಿಲ್ಲ. ಆ ಮಾತು ನನಗೆ ಸೀಳಿದ ಕೈಗಿಂತ ಹೆಚ್ಚು ನೋವು ಕೊಟ್ಟಿತು. ಅದನ್ನೂ ಅವಳಿಗೆ ಹೇಳಿದೆ. ಅವಳು ಪಕ್ಕದಲ್ಲಿ ಒರಗಿ ಕೂತು ನನಗೆ ಕಿತ್ತಳೆ ಸುಲಿದು ಕೊಟ್ಟಳು.

ಐದನೆಯ ದಿನ ಗಾಯ ಮುಚ್ಚುವ ಆಪರೇಷನ್. ಈ ಸಲ ಅದೇ ಭುಜದ ಹತ್ತಿರ ಕೂದಲಿನಷ್ಟು ಸಪೂರದ ಒಂದು ನಳಿಗೆಯನ್ನು ಬಿಟ್ಟು, ಅದಕ್ಕೆ ಔಷಧಿಯ ಪುಟ್ಟ ಬಾಟಲಿ ಸಿಕ್ಕಿಸಿದರು. ತೊಟ್ಟುತೊಟ್ಟಾಗಿ ಇಳಿಯುತ್ತಿತ್ತು. ಅದರಿಂದ ಕೈ ಪೂರ್ತಿ ಮಲಗಲಿಲ್ಲ, ತೂಕಡಿಸುತ್ತಿತ್ತು. ಮೂರು ದಿನ ಕಾವಲಿಯ ಮೇಲೆ ಗುಳ್ಳೆ ಕೂಡ ಏಳಲಿಲ್ಲ. ಹದಿನಾಲ್ಕು ದಿನ ಆ ವಾರ್ಡಿನಲ್ಲಿದ್ದೆ. ರಮಣಿಕ್‌ಭಾಯಿಯ ಹೆಂಡತಿ ಬೆಳಿಗ್ಗೆ ಖಾಖ್ರಾ ಎನ್ನುವ ಗರಿಗರಿ ತೆಳು ರೊಟ್ಟಿ ಕೊಡುತ್ತಿದ್ದರು, ವನಜ ಅವರಿಗೆ ಗಂಜಿ ಬಡಿಸುತ್ತಿದ್ದಳು. ಅವರು ಒಂದು ಚಮಚ ಬಾಯಿಗಿಟ್ಟು "ಸಕ್ಕರೆ ಇಲ್ಲವೇ ಬೆನ್?" ಎನ್ನುತ್ತಿದ್ದರು. ಆಸ್ಪತ್ರೆಯ ದಿನಗಳನ್ನು ನೆನೆದು ಆಸೆಪಡುವವರುಂಟೇ? ನಾನು ಪಡುತ್ತೇನೆ. ಕೇಳುವವರು ಅಷ್ಟು ಜನ, ಹೇಳಲು ಕಲಿತದ್ದು ಅಷ್ಟು ತಡ.

ಆದರೆ ಮನೆಗೆ ಬಂದ ಮೇಲೆ ಒಂದು ಸತ್ಯ ಉಳಿದಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರಕ್ಕೂ ಸ್ಪರ್ಶವಿಲ್ಲ. ಔಷಧಿಯ ಮಂಪರಲ್ಲ ಅದು, ಬಾವಿನ ಹಿಸುಕಿಗೆ ನರ ಸೊರಗಿತ್ತು. "ಬರಬಹುದು, ಬರದೆಯೂ ಇರಬಹುದು. ಬರುವುದಾದರೆ ನಿಧಾನ" ಎಂದಿದ್ದರು ಹೇತಲ್‌ಬೆನ್. "ಅಲ್ಲಿಯವರೆಗೆ ಬೆಂಕಿಯ ಹತ್ತಿರ ಆ ಕೈ ಹೋಗಬಾರದು. ಸುಟ್ಟರೂ ನಿಮಗೆ ತಿಳಿಯುವುದಿಲ್ಲ."

ಸುಟ್ಟರೂ ತಿಳಿಯುವುದಿಲ್ಲ! ಇದಕ್ಕಿಂತ ದೊಡ್ಡ ಅಣಕ ಬೇಕೇ? ಸುಟ್ಟಿತು ಎನ್ನಬಾರದೆಂದು ಬಾಳಿದವನಿಗೆ ದೇವರು ಸುಡುವುದನ್ನೇ ತೆಗೆದುಬಿಟ್ಟಿದ್ದ.

ಕಾವಲಿಗೆ ಸುಧಾಕರ ನಿಂತ. ಇಪ್ಪತ್ತು ವರ್ಷದಿಂದ ನನ್ನ ಕೈಕೆಳಗೆ, ಮಾವನ ಅದೇ ನಿಯಮಗಳಲ್ಲಿ ಪಳಗಿದವನು, ನಲವತ್ತೈದರ ಗಟ್ಟಿ ಆಳು, ನಮ್ಮೂರ ಕಡೆಯವನೇ. ನಾನು ಅವನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಅವನ ದೋಸೆಗೆಲ್ಲ ತಪ್ಪು ಹುಡುಕುತ್ತಿದ್ದೆ. "ಅಣ್ಣ, ನೀವ್ ಮನೆಗ್ ಹೋಯಿ ಮಲ್ಕಣಿ" ಎಂದು ಅವನು ದಿನಕ್ಕೆ ನಾಲ್ಕು ಸಲ ಕೈಮುಗಿಯುತ್ತಿದ್ದ. ಬೆಳಿಗ್ಗೆ ಫಿಸಿಯೊಥೆರಪಿಯ ಬೆಂಚು, ಹಗಲು ಈ ಕುರ್ಚಿ. ಪ್ರತಿದಿನ ವನಜ ಎರಡು ಲೋಟ ತರುತ್ತಿದ್ದಳು, ಒಂದರಲ್ಲಿ ಉಗುರುಬೆಚ್ಚಗಿನ ನೀರು, ಒಂದರಲ್ಲಿ ತಣ್ಣೀರು. ನಾನು ಕಣ್ಣು ಮುಚ್ಚಿ ಬಲಗೈಯ ಬೆರಳು ಮುಟ್ಟಿಸಬೇಕು. "ಯಾವ್ದ್ ಬಿಸಿ?" ಎನ್ನುವಳು. ಗೊತ್ತಿಲ್ಲ. ಮಾರನೆಯ ದಿನ ಮತ್ತೆ. ಗೊತ್ತಿಲ್ಲ. ಹೋಳಿ ಹೋಯಿತು, ಮಾವಿನಹಣ್ಣು ಬಂತು, ಮಾವಿನಹಣ್ಣೂ ಹೋಯಿತು. ಒಂದು ದಿನ ರೇಗಿ ಲೋಟ ಎತ್ತಿ ಒಗೆದೆ. "ಇನ್ ಬತ್ತಿಲ್ಲೆ, ಬಿಡು ಮಾರಾಯ್ತಿ! ನಂಗೆ ಹೆದ್ರಿಕೆ ಆತಿತ್ತ್" ಎಂದುಬಿಟ್ಟೆ. ಹೆದರಿಕೆ ಎಂಬ ಮಾತನ್ನು ಅವಳ ಎದುರು ಮೊದಲ ಸಲ ಆಡಿದ್ದು. ಅವಳು ಲೋಟ ಎತ್ತಿಕೊಂಡು ಬಂದು ಮತ್ತೆ ನೀರು ತುಂಬಿದಳು.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ. ಸುಧಾಕರ ಹಿಂದಿನ ಕೋಣೆಯಿಂದ ಹಿಟ್ಟಿನ ಪಾತ್ರೆ ತರಲು ಹೋಗಿದ್ದ. ಗ್ಯಾಸ್ ಹಚ್ಚಿತ್ತು. ಕಾವಲಿ ಕಾಯುತ್ತಿತ್ತು. ನಾನು ಕುರ್ಚಿಯಿಂದ ಎದ್ದೆ. ಯಾಕೆ ಎದ್ದೆ ಎಂದು ಕೇಳಬೇಡಿ. ನಲವತ್ತೊಂದು ವರ್ಷದ ರೂಢಿ ಎದ್ದಿತು, ಅದರ ಹಿಂದೆ ನಾನು ಹೋದೆ. ಎಡಗೈಯಲ್ಲಿ ನಾಲ್ಕು ಹನಿ ಚಿಮುಕಿಸಿದೆ. ಚುಂಯ್ ಎಂದಿತು. ಬಲಗೈಯ ನಡುಬೆರಳು ತನ್ನಷ್ಟಕ್ಕೆ ಅಂಚಿಗೆ ಹೋಯಿತು.

"ಅಯ್ಯಬ್ಬಾ! ಸುಟ್ತ್!"

ಕೂಗಿದ್ದು ನಾನೇ. ಎಂಟು ಮೇಜಿಗೂ ಕೇಳುವಂತೆ ಕೂಗಿದ್ದೆ. ಸುಧಾಕರ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲೇ ಕಲ್ಲಾಗಿ ನಿಂತ. ಚಟ್ನಿಗೆ ಕಾಯಿ ತುರಿಯುತ್ತಿದ್ದ ವನಜ ತುರಿಮಣೆಯನ್ನು ಅಲ್ಲಿಯೇ ಬಿಟ್ಟು ಓಡಿಬಂದಳು.

"ಎಂತ ಅಂದ್ರಿ? ಈಗ ಎಂತ ಅಂದ್ರಿ?"

"ಸುಟ್ತ್ ಮಾರಾಯ್ತಿ! ಉರಿತಿತ್ತ್! ಬೆರಳ್ ಉರಿತಿತ್ತ್!"

ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಅವಳು ಕಾಯಿತುರಿ ಅಂಟಿದ ಕೈಯಲ್ಲೇ ನನ್ನ ಬೆರಳನ್ನು ಹಿಡಿದು ಬೆಳಕಿಗೆ ತಿರುಗಿಸಿದಳು. ತುದಿ ಕೆಂಪಗಾಗಿತ್ತು. ಒಳಗೆ ಹೋಗಿ ತೆಂಗಿನೆಣ್ಣೆಯ ಬಟ್ಟಲು ತಂದು, ಸರಿಯಾಗಿ ಆ ಬೆರಳಿಗೇ ಹಚ್ಚಿದಳು. ಅವಳ ಹೆಬ್ಬೆರಳು ಒರಟಾಗಿತ್ತು. ಆ ಒರಟು ನನಗೆ ತಿಳಿಯಿತು.

ಸುಧಾಕರ ಪಾತ್ರೆ ಕೆಳಗಿಟ್ಟು ಪಂಚೆಯ ತುದಿಯಲ್ಲಿ ಮೂಗು ಒರೆಸಿಕೊಂಡ. ಆಮೇಲೆ ಗಂಟಲು ಸರಿಮಾಡಿಕೊಂಡು, "ಅಣ್ಣ, ಅಡುಗೆಮನೆ ನಿಯಮ ಗೊತ್ತಿತ್ತಲೆ? ಸುಟ್ತ್ ಅಂದವ್ರಿಗೆ ಒಂದ್ ವಾರ ಕಾವಲಿ ಇಲ್ಲ" ಎಂದ.

ಆ ವಾರವಿಡೀ ನಾನು ಹಿಂದಿನ ಕೋಣೆಯಲ್ಲಿ ಕೂತು ಅಕ್ಕಿ ಉದ್ದು ರುಬ್ಬಿದೆ. ಅಷ್ಟು ಸಂತೋಷದಿಂದ ಯಾರೂ ರುಬ್ಬಿರಲಾರರು.